ಜೀನ್ ತೆಗೀಬೇಕಾ, ತಗ್ಗಿಸಿದ್ರೆ ಸಾಕಾ? ಇ. ಕೋಲಿ ಮೆಟಬಾಲಿಸಂ ತಿರುಗಿಸೋಕೆ ಯಾವ ಟೂಲ್ ತಗೋಬೇಕು

ಬ್ಯಾಕ್ಟೀರಿಯಾದ ಮೆಟಬಾಲಿಸಂನ ನಮಗೆ ಬೇಕಾದ ಕಡೆ ತಿರುಗಿಸ್ಬೇಕು ಅಂತ ಹೊರಟವರು ಈಗ ಮೊದಲು ಕೇಳೋದೇ "ಕ್ರಿಸ್ಪರ್‌ಐ ಹಾಕೋಣ್ವಾ" ಅಂತ. ಡಿಎನ್‌ಎ ಕತ್ತರಿಸದೆ, ಜೀನ್ ಓದೋದನ್ನ ಮಾತ್ರ ತಡೆಯೋ ಟೂಲ್ ಅದು. ಹಾಕಬಹುದು, ಒಳ್ಳೆ ಟೂಲೇ. ಆದ್ರೆ ಎಷ್ಟೋ ಸಲ ಅದಕ್ಕಿಂತ ಸಣ್ಣ ಆರ್‌ಎನ್‌ಎ (ಜೀನ್‌ನಿಂದ ಪ್ರೋಟೀನ್ ಆಗೋದನ್ನ ತಡೆಯೋ ಚಿಕ್ಕ ಆರ್‌ಎನ್‌ಎ ತುಂಡು) ಚೆನ್ನಾಗಿ ಕೆಲಸ ಮಾಡುತ್ತೆ, ಇನ್ನು ಕೆಲವು ಸಲ ಸುಮ್ನೆ ಜೀನ್ ಡಿಲೀಟ್ ಮಾಡಿ ಮುಂದಕ್ಕೆ ಹೋಗೋದೇ ವಾಸಿ. ನನ್ನ ಪ್ರಕಾರ ಒಂದು ಟೂಲ್ ಜೀನ್‌ನ ಎಷ್ಟು ಜೋರಾಗಿ ಅದುಮುತ್ತೆ ಅನ್ನೋದು ಕೊನೇಗೆ ನೋಡೋ ವಿಷಯ. ಆ ಜೀನ್ ಇಲ್ದೆ ಸೆಲ್ ಬದುಕುತ್ತಾ, ಅದರ ಅಕ್ಕಪಕ್ಕ ಯಾವ ಜೀನ್‌ಗಳಿವೆ, ಅದು ಯಾವ ಹೊತ್ತಿಗೆ ನಿಲ್ಲಬೇಕು, ಈ ಮೂರಕ್ಕೆ ಉತ್ತರ ಸಿಕ್ಕಿದ್ರೆ ಟೂಲ್ ಹೆಚ್ಚುಕಮ್ಮಿ ತಾನೇ ಗೊತ್ತಾಗುತ್ತೆ.

ಉದಾಹರಣೆ ಒಂದೇ ಇರಲಿ: ಇ. ಕೋಲಿಯಲ್ಲಿ ನರಿಂಜೆನಿನ್ ಮಾಡಿಸೋದು. ಚಕ್ಕೋತ ತಿಂದವರಿಗೆ ಅದರ ತೊಳೆ ಮೇಲಿನ ಸಿಪ್ಪೆ ಕಹಿ ಗೊತ್ತಿರುತ್ತೆ. ಆ ಕಹಿ ಕೊಡೋ ನರಿಂಜಿನ್‌ನಿಂದ ಸಕ್ಕರೆ ಭಾಗ ತೆಗೆದ್ರೆ ಉಳಿಯೋದೇ ನರಿಂಜೆನಿನ್, ಬೇರೆ ಎಷ್ಟೋ ಫ್ಲೇವನಾಯ್ಡ್‌ಗಳು ಹುಟ್ಟೋದು ಇದರಿಂದಾನೇ. ಇ. ಕೋಲಿಗೆ ಹೊರಗಿನ ನಾಲ್ಕು ಎನ್‌ಜೈಮ್ ಕೊಟ್ರೆ ಅದು ಟೈರೋಸಿನ್‌ನ ಕೂಮಾರಿಕ್ ಆಸಿಡ್ ಮಾಡಿ, ಅದನ್ನ ಕೂಮಾರಾಯ್ಲ್-ಕೋಎ ಮಾಡಿ, ಅದಕ್ಕೆ ಮೂರು ಮಲೋನೈಲ್-ಕೋಎ ಜೋಡಿಸಿ ನರಿಂಜೆನಿನ್ ತನಕ ಬರುತ್ತೆ. ಕಷ್ಟ ಇರೋದು ಈ ಮಲೋನೈಲ್-ಕೋಎ ಹತ್ರ. ಸೆಲ್ ಒಳಗೆ ಅದು ಮೊದಲೇ ಸ್ವಲ್ಪ ಇರೋದು, ಇರೋದನ್ನೂ ಫ್ಯಾಟಿ ಆಸಿಡ್ ತಯಾರಿ ಎಳ್ಕೊಂಡು ಹೋಗುತ್ತೆ, ಫ್ಯಾಟಿ ಆಸಿಡ್ ಇಲ್ಲ ಅಂದ್ರೆ ಪೊರೆ ಇಲ್ಲ, ಪೊರೆ ಇಲ್ಲ ಅಂದ್ರೆ ಸೆಲ್ಲೇ ಇಲ್ಲ. ಹಿಂದೆ ಸೆರುಲೆನಿನ್ ಅನ್ನೋ ಔಷಧಿ ಹಾಕಿ ಫ್ಯಾಟಿ ಆಸಿಡ್ ದಾರಿ ತಡೆದು ಮಲೋನೈಲ್-ಕೋಎ ಏರಿಸ್ತಿದ್ರು, ಕೆಲಸ ಆಗ್ತಿತ್ತು, ಆದ್ರೆ ಅದರ ಬೆಲೆ ನೋಡಿದ್ರೆ ದೊಡ್ಡ ಟ್ಯಾಂಕಿಗೆ ಹಾಕೋ ಮಾತೇ ಇಲ್ಲ. ಅದೇ ಪರಿಣಾಮನ ಜೀನ್ ಮಟ್ಟದಲ್ಲಿ ತರಬೇಕು.

ಡಿಲೀಟ್ ಮಾಡೋದು

ಜೀನ್ ಬೇಡ್ವೇ ಬೇಡ, ಯಾವಾಗ್ಲೂ ಬೇಡ, ಅದಿಲ್ದೆ ಸೆಲ್ ಆರಾಮಾಗಿ ಬೆಳೆಯುತ್ತೆ ಅಂದ್ರೆ ಬೇರೆ ಯೋಚನೆನೇ ಬೇಡ, ಡಿಲೀಟ್ ಮಾಡಿ. ಡಾಟ್ಸೆಂಕೊ ಮತ್ತೆ ವ್ಯಾನರ್ 2000ದಲ್ಲಿ ಕೊಟ್ಟ ಲ್ಯಾಮ್ಡಾ ರೆಡ್ ವಿಧಾನ (ಫೇಜ್, ಅಂದ್ರೆ ಬ್ಯಾಕ್ಟೀರಿಯಾಗೆ ಅಂಟೋ ವೈರಸ್‌ನ ಪ್ರೋಟೀನ್‌ಗಳ ಸಹಾಯದಿಂದ ಜೀನ್ ಕಿತ್ತು ಹಾಕೋದು) ಇವತ್ತಿಗೂ ಚೆನ್ನಾಗಿ ನಡೀತಿದೆ. ಅದೂ ಬೇಡ ಅಂದ್ರೆ ಜಪಾನಿನವರು 2006ರಲ್ಲಿ ಹೊರತಂದ ಕೀಯೋ ಕಲೆಕ್ಷನ್‌ನಲ್ಲಿ 3985 ಜೀನ್‌ಗಳ ಒಂಟಿ ಡಿಲೀಷನ್ ತಳಿಗಳು ರೆಡಿ ಇವೆ, ಪಿ1 ಫೇಜ್ ಹಿಡಿದು ನಿಮ್ಮ ತಳಿಗೆ ದಾಟಿಸಿದ್ರಾಯ್ತು. ಇಂಡ್ಯೂಸರ್ (ಜೀನ್ ಆನ್ ಮಾಡೋಕೆ ಹಾಕೋ ರಾಸಾಯನಿಕ) ಬೇಡ, ಪ್ಲಾಸ್ಮಿಡ್ (ಹೊರಗಿಂದ ಸೆಲ್‌ಗೆ ಹಾಕೋ ಚಿಕ್ಕ ಡಿಎನ್‌ಎ ಉಂಗುರ) ಬೇಡ, ಆಂಟಿಬಯಾಟಿಕ್ ಬೇಡ, ಹೋದ ಜೀನ್ ವಾಪಸ್ ಬರೋ ಭಯನೂ ಇಲ್ಲ. ಈ ಕೊನೇದಕ್ಕೆ ಎಷ್ಟು ಬೆಲೆ ಇದೆ ಅಂತ ಮುಂದೆ ಹೇಳ್ತೀನಿ.

ನಮ್ಮ ಉದಾಹರಣೆಗೆ ಇದು ಎಲ್ಲಿ ಸಿಕ್ಕಿಬೀಳುತ್ತೆ ನೋಡಿ. ಫ್ಯಾಟಿ ಆಸಿಡ್ ದಾರಿಯಲ್ಲಿ ಫ್ಯಾಬ್‌ಎಫ್ ಇಲ್ದಿದ್ರೂ ಇ. ಕೋಲಿ ಬದುಕುತ್ತೆ, ಅದನ್ನ ತೆಗೀಬಹುದು. ಆದ್ರೆ ಮಲೋನೈಲ್ ಗುಂಪನ್ನ ಕೋಎ ಇಂದ ಎಸಿಪಿ ಪ್ರೋಟೀನ್‌ಗೆ ದಾಟಿಸೋ ಫ್ಯಾಬ್‌ಡಿ ಇದ್ಯಲ್ಲ, ನಮಗೆ ನಿಜವಾಗಿ ತಡೀಬೇಕಾಗಿರೋ ಬಾಗಿಲು ಅದು, ಅದನ್ನ ತೆಗೆದ್ರೆ ಸೆಲ್ ಸತ್ತೇ ಹೋಗುತ್ತೆ. ಹಾಗಾಗಿ ತೆಗೆಯೋದಲ್ಲ, ತಗ್ಗಿಸೋದು.

ಪ್ರೊಮೋಟರ್, ಆರ್‌ಬಿಎಸ್ ಬದಲಾಯಿಸೋದು

ಜೀನ್ ಮುಂದಿರೋ ಪ್ರೊಮೋಟರ್ (ಜೀನ್ ಓದೋದನ್ನ ಶುರುಮಾಡಿಸೋ ಡಿಎನ್‌ಎ ತುಂಡು) ತೆಗೆದು ಬಲ ಕಮ್ಮಿ ಇರೋದನ್ನ ಕೂರಿಸೋದು, ಇಲ್ಲ ಪ್ರೋಟೀನ್ ಮಾಡೋ ರೈಬೋಸೋಮ್ ಬಂದು ಕೂರೋ ಜಾಗದ (ಆರ್‌ಬಿಎಸ್) ಸೀಕ್ವೆನ್ಸ್ ತಿದ್ದೋದು. ಆಂಡರ್ಸನ್ ಪ್ರೊಮೋಟರ್‌ಗಳ ಗುಂಪು ಎಲ್ಲ ಲ್ಯಾಬಲ್ಲೂ ಸಿಗುತ್ತೆ. ಆರ್‌ಬಿಎಸ್‌ಗೆ ಸಾಲಿಸ್, ವಾಯ್ಟ್ ಅವರು 2009ರಲ್ಲಿ ಮಾಡಿದ ಕ್ಯಾಲ್ಕ್ಯುಲೇಟರ್ ಇದೆ, ಸೀಕ್ವೆನ್ಸ್ ಕೊಟ್ರೆ ಟ್ರಾನ್ಸ್‌ಲೇಷನ್, ಅಂದ್ರೆ ಮೆಸೇಜ್ (ಜೀನ್‌ನ ಆರ್‌ಎನ್‌ಎ ನಕಲು) ಓದಿ ಪ್ರೋಟೀನ್ ಮಾಡೋದು, ಎಷ್ಟು ಆಗಬಹುದು ಅಂತ ಅಂದಾಜು ಹೇಳುತ್ತೆ. ಅಂದಾಜು ಮಾತ್ರ, ಹಾಗಾಗಿ ಒಂದೇ ಡಿಸೈನ್ ನಂಬದೆ ಬೇರೆ ಬೇರೆ ಬಲದ ಹಲವು ಮಾಡ್ಕೊಂಡು ಹೋಲಿಸಿ. ಅದೇ 2009ರಲ್ಲಿ ವ್ಯಾಂಗ್ ಮತ್ತೆ ಚರ್ಚ್ ಅವರ ಮೇಜ್ ವಿಧಾನ ಬಂತು, ಲೈಕೋಪೀನ್ ದಾರಿಯ 20 ಜೀನ್‌ಗಳ ಆರ್‌ಬಿಎಸ್‌ನ ಒಟ್ಟಿಗೆ ತಿದ್ದಿ, ಇನ್ನೂ 4 ಜೀನ್ ಕೆಡಿಸೋಕೆ ಗುರಿ ಇಟ್ಟು, ಮೂರೇ ದಿನದಲ್ಲಿ ಇಳುವರಿ ಐದು ಪಟ್ಟಿಗೂ ಮೇಲೆ ಹೋದ ತಳಿಗಳನ್ನ ಹೆಕ್ಕಿದ್ರು. ಲೈಕೋಪೀನ್ ಕೆಂಪಗಿರುತ್ತೆ, ಪ್ಲೇಟ್ ನೋಡಿದ್ರೆ ಯಾವ ಕಾಲೊನಿ ಒಳ್ಳೇದು ಅಂತ ಕಣ್ಣಿಗೇ ಗೊತ್ತಾಗುತ್ತೆ, ಅದಕ್ಕೇ ಆ ಸ್ಪೀಡು. ನಿಮ್ಮ ಪ್ರಾಡಕ್ಟ್‌ಗೆ ಬಣ್ಣ ಇಲ್ಲ, ಸ್ಕ್ರೀನ್ ಮಾಡೋಕೆ ಒಂದೊಂದೇ ಸ್ಯಾಂಪಲ್ ಅಳೆಯೋ ಎಚ್‌ಪಿಎಲ್‌ಸಿನೇ ಗತಿ ಅಂದ್ರೆ ಲಕ್ಷಗಟ್ಟಲೆ ವೇರಿಯಂಟ್ ಮಾಡಿ ಏನೂ ಉಪಯೋಗ ಇಲ್ಲ.

ಈ ದಾರಿಯ ಬಲ ಏನಂದ್ರೆ ಒಂದ್ಸಲ ಸರಿಯಾದ ಮಟ್ಟ ಸಿಕ್ರೆ ಅದು ಕ್ರೋಮೋಸೋಮ್‌ನಲ್ಲಿ ಕೂತಿರುತ್ತೆ, ಮತ್ತೆ ತಲೆನೋವಿಲ್ಲ. ತೊಂದರೆ ಏನಂದ್ರೆ ಮಟ್ಟ ಒಂದೇ, ಬೆಳೆಯುವಾಗ್ಲೂ ಅಷ್ಟೇ, ತಯಾರಿಸುವಾಗ್ಲೂ ಅಷ್ಟೇ. ಫ್ಯಾಬ್‌ಡಿ ತರದ ಜೀನ್‌ಗೆ ಇದು ರಾಜಿ ಮಾಡ್ಕೊಂಡ ಹಾಗೆ, ಬೆಳವಣಿಗೆನೂ ಸ್ವಲ್ಪ ಕುಂಟುತ್ತೆ, ಪ್ರಾಡಕ್ಟೂ ಪೂರ್ತಿ ಬರಲ್ಲ.

ಇಂಡ್ಯೂಸರ್ ಹಾಕಿದಾಗ ಆನ್ ಆಗೋ ಇಂಡ್ಯೂಸಿಬಲ್ ಪ್ರೊಮೋಟರ್‌ಗಳ ಬಗ್ಗೆ ಚಿಕ್ಕದಾಗಿ, ಯಾಕಂದ್ರೆ ಮುಂದೆ ಬರೋ ಎಲ್ಲ ಟೂಲ್‌ಗೂ ಸ್ವಿಚ್ ಆಗಿ ಇವು ಬೇಕೇ ಬೇಕು. ಲ್ಯಾಕ್ ಪ್ರೊಮೋಟರ್, ಅದರ ಇಂಡ್ಯೂಸರ್ ಐಪಿಟಿಜಿ ಎಲ್ಲರಿಗೂ ಗೊತ್ತು, ಇಂಡ್ಯೂಸರ್ ಹಾಕದಿದ್ರೂ ಸ್ವಲ್ಪ ಲೀಕ್ ಆಗೋದೂ ಗೊತ್ತು. ಅರಾಬಿನೋಸ್‌ದು ಬಿಗಿಯಾಗಿದೆ ಅಂತ ಹೇಳ್ತಾರೆ, ಆದ್ರೆ ಕಮ್ಮಿ ಅರಾಬಿನೋಸ್ ಹಾಕಿದ್ರೆ ಎಲ್ಲ ಸೆಲ್ ಅರ್ಧರ್ಧ ಆನ್ ಆಗಲ್ಲ, ಕೆಲವು ಪೂರ್ತಿ ಆನ್ ಆಗಿ ಉಳಿದವು ಪೂರ್ತಿ ಆಫ್ ಇರ್ತಾವೆ, 1997ರಲ್ಲೇ ಸೀಗೆಲೆ ಮತ್ತೆ ಹು ಇದನ್ನ ತೋರಿಸಿದ್ರು. ಜೊತೆಗೆ ಮೀಡಿಯಾದಲ್ಲಿ ಗ್ಲೂಕೋಸ್ ಇದ್ರೆ ಅದು ಏಳೋದೇ ಇಲ್ಲ. ಹಾಗಾಗಿ ಗ್ಲೂಕೋಸ್ ಮೇಲೆ ಬೆಳೆಸೋರು, ಸ್ವಲ್ಪ ಸ್ವಲ್ಪ ತಗ್ಗಿಸಬೇಕು ಅನ್ನೋರು ಟೆಟ್ ಪ್ರೊಮೋಟರ್ ತಗೊಳ್ಳಿ ಅನ್ನೋದು ನನ್ನ ಅಭಿಪ್ರಾಯ, ಅದರ ಇಂಡ್ಯೂಸರ್ ಎಟಿಸಿ ಬೆಳಕಿಗೆ ಹಾಳಾಗುತ್ತೆ, ಫಾಯಿಲ್ ಸುತ್ತಿ ಇಡಿ ಅಷ್ಟೇ.

ಸಣ್ಣ ಆರ್‌ಎನ್‌ಎನಾ, ಕ್ರಿಸ್ಪರ್‌ಐನಾ

ಜಾಸ್ತಿ ಜನ ಒದ್ದಾಡೋದು ಇಲ್ಲೇ, ಅದಕ್ಕೇ ಇದನ್ನ ಬಿಡಿಸಿ ಹೇಳ್ತೀನಿ.

ಕ್ರಿಸ್ಪರ್‌ಐ 2013ರಲ್ಲಿ ಬಂತು. ಡಿಎನ್‌ಎ ತುಂಡರಿಸೋ ಪ್ರೋಟೀನ್ ಕ್ಯಾಸ್9ನ ಕತ್ತರಿಸೋ ಎರಡು ಜಾಗ ಮ್ಯುಟೇಷನ್ ಮಾಡಿ ಸಾಯಿಸಿದ್ರೆ ಸಿಗೋದು ಡಿಕ್ಯಾಸ್9, ಅದು ಗೈಡ್ ಆರ್‌ಎನ್‌ಎ ತೋರಿಸಿದ ಕಡೆ ಹೋಗಿ ಡಿಎನ್‌ಎ ಮೇಲೆ ಕೂರುತ್ತೆ, ಜೀನ್ ಓದಿ ಮೆಸೇಜ್ ಮಾಡೋ ಆರ್‌ಎನ್‌ಎ ಪಾಲಿಮರೇಸ್‌ಗೆ ಮುಂದೆ ಹೋಗೋಕೆ ದಾರಿ ಇಲ್ಲ. ಮೊದಲ ಪೇಪರ್‌ನಲ್ಲೇ ಇ. ಕೋಲಿಯಲ್ಲಿ ಸಾವಿರ ಪಟ್ಟಿನ ತನಕ ತಗ್ಗಿಸಿ ತೋರಿಸಿದ್ರು. ಜೀನ್ ಒಳಗಡೆ ಟಾರ್ಗೆಟ್ ಮಾಡೋದಾದ್ರೆ ಗೈಡ್ ಅಂಟಬೇಕಾದ್ದು ಕೋಡಿಂಗ್ ಎಳೆಗೆ, ಇನ್ನೊಂದು ಎಳೆಗೆ ಅಂಟಿಸಿದ್ರೆ ಪರಿಣಾಮ ತುಂಬಾ ಕಮ್ಮಿ, ಪಾಲಿಮರೇಸ್ ದಾಟ್ಕೊಂಡು ಹೋಗುತ್ತೆ.

ಅದೇ 2013ರಲ್ಲಿ ಕೊರಿಯಾದ ಕೈಸ್ಟ್‌ನಲ್ಲಿ ಸಾಂಗ್ ಯುಪ್ ಲೀ ಅವರ ಗುಂಪು ಸಿಂಥೆಟಿಕ್ ಸಣ್ಣ ಆರ್‌ಎನ್‌ಎ (ಎಸ್‌ಆರ್‌ಎನ್‌ಎ) ತೋರಿಸಿತು. ಮಿಕ್‌ಸಿ ಅನ್ನೋ ಇ. ಕೋಲಿಯ ಸ್ವಂತ ಸಣ್ಣ ಆರ್‌ಎನ್‌ಎದ ಬಾಲ ಇಟ್ಕೊಂಡು, ಮುಂದಿನ 24 ಬೇಸ್ ಮಾತ್ರ ನಮ್ಮ ಟಾರ್ಗೆಟ್‌ಗೆ ಹೊಂದೋ ಹಾಗೆ ಬದಲಾಯಿಸೋದು, ಎಚ್‌ಎಫ್‌ಕ್ಯು ಅನ್ನೋ ಪ್ರೋಟೀನ್ ಸಹಾಯದಿಂದ ಅದು ಮೆಸೇಜ್ ಶುರುವಾಗೋ ಜಾಗಕ್ಕೆ ಅಂಟಿ ಟ್ರಾನ್ಸ್‌ಲೇಷನ್ ತಡೆಯುತ್ತೆ. ಕ್ರೋಮೋಸೋಮ್ ಮುಟ್ಟೋದೇ ಬೇಡ, ಪ್ಲಾಸ್ಮಿಡ್ ಹಾಕಿದ್ರೆ ಮುಗೀತು. ಅದಕ್ಕೇ ಅವರಿಗೆ ಒಂದೇ ಟೂಲ್‌ನ 14 ತಳಿಗಳಲ್ಲಿ ಹಾಕಿ ಯಾವ ತಳಿಗೆ ಯಾವ ತಗ್ಗಿಸುವಿಕೆ ಹೊಂದುತ್ತೆ ಅಂತ ನೋಡೋಕಾಯ್ತು, ಕೊನೆಗೆ ಟೈರೋಸಿನ್ ಲೀಟರ್‌ಗೆ 2 ಗ್ರಾಂ ಬಂತು. ತಳಿ ಬದಲಾದ್ರೆ ಉತ್ತರನೂ ಬದಲಾಗುತ್ತೆ ಅನ್ನೋ ಈ ವಿಷಯನ ಜನ ಬೇಗ ಮರೀತಾರೆ, ಒಂದು ತಳಿಯಲ್ಲಿ ಕೆಲಸ ಮಾಡಿದ ಗೈಡ್‌ನ ಇನ್ನೊಂದಕ್ಕೆ ಹಾಕಿ ಅದೇ ಫಲ ಬರಲಿ ಅಂತ ಕಾಯ್ತಾರೆ.

ಈಗ ಫ್ಯಾಬ್‌ಡಿಗೆ ಯಾವುದು? ಜೀನೋಮ್ ಮ್ಯಾಪ್ ತೆಗೆದು ನೋಡಿ. ಫ್ಯಾಬ್‌ಎಚ್, ಫ್ಯಾಬ್‌ಡಿ, ಫ್ಯಾಬ್‌ಜಿ, ಆಮೇಲೆ ಎಸಿಪಿಪಿ, ಫ್ಯಾಬ್‌ಎಫ್, ಎಲ್ಲ ಸಾಲಾಗಿ ಕೂತಿವೆ. ಕ್ರಿಸ್ಪರ್‌ಐ ಪಾಲಿಮರೇಸ್‌ನೇ ನಿಲ್ಲಿಸೋದ್ರಿಂದ ಫ್ಯಾಬ್‌ಡಿ ಮೇಲೆ ಡಿಕ್ಯಾಸ್9 ಕೂರಿಸಿದ್ರೆ ಅದರ ಹಿಂದೆ ಅದೇ ಮೆಸೇಜ್‌ನಲ್ಲಿ ಬರಬೇಕಾಗಿದ್ದ ಫ್ಯಾಬ್‌ಜಿನೂ ಕಮ್ಮಿ ಆಗುತ್ತೆ, ಅದೂ ಸೆಲ್‌ಗೆ ಬೇಕೇ ಬೇಕಾದ ಜೀನ್. ಆಮೇಲೆ ಸೆಲ್ ಬೆಳೀತಿಲ್ಲ ಅಂದ್ರೆ ಫ್ಯಾಬ್‌ಡಿ ಇಂದಾನಾ ಫ್ಯಾಬ್‌ಜಿ ಇಂದಾನಾ ಅಂತ ಹೇಳೋಕಾಗಲ್ಲ. ಎಸ್‌ಆರ್‌ಎನ್‌ಎ ಆದ್ರೆ ಫ್ಯಾಬ್‌ಡಿ ಶುರುವಾಗೋ ಜಾಗಕ್ಕೆ ಮಾತ್ರ ಗುರಿ ಇಡಬಹುದು, ಪಕ್ಕದವರಿಗೆ ಪೆಟ್ಟು ಕಮ್ಮಿ. ಕೆಲವೊಮ್ಮೆ ಮೆಸೇಜೇ ಒಡೆದು ಹೋಗಿ ಪಕ್ಕಕ್ಕೂ ಸ್ವಲ್ಪ ತಟ್ಟುತ್ತೆ, ಆದ್ರೂ ಕ್ರಿಸ್ಪರ್‌ಐ ಅಷ್ಟಲ್ಲ. ಹಾಗಾಗಿ ಒಪೆರಾನ್ (ಒಂದೇ ಮೆಸೇಜ್‌ನಲ್ಲಿ ಬರೋ ಸಾಲು ಜೀನ್‌ಗಳ ಗುಂಪು) ಮಧ್ಯದ ಜೀನ್‌ಗೆ ನಾನು ಎಸ್‌ಆರ್‌ಎನ್‌ಎ ಕಡೆ. ಒಂಟಿಯಾಗಿ ಕೂತಿರೋ ಜೀನ್, ಒಪೆರಾನ್‌ನ ಕೊನೇ ಜೀನ್, ಇಲ್ಲ ಇಡೀ ಒಪೆರಾನೇ ತಗ್ಗಬೇಕು ಅನ್ನೋ ಕಡೆ ಕ್ರಿಸ್ಪರ್‌ಐ.

ಹೊರೆಯಲ್ಲೂ ವ್ಯತ್ಯಾಸ ಇದೆ. ಡಿಕ್ಯಾಸ್9 1368 ಅಮೈನೋ ಆಸಿಡ್‌ನ ಭಾರಿ ಪ್ರೋಟೀನ್, ಇ. ಕೋಲಿಯಲ್ಲಿ ಅದು ಜಾಸ್ತಿ ಆದ್ರೆ ಸೆಲ್‌ಗೆ ವಿಷ, ಬೆಳವಣಿಗೆ ಕುಗ್ಗುತ್ತೆ, ಆಕಾರನೂ ಕೆಡುತ್ತೆ. 2018ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಇನ್‌ಸ್ಟಿಟ್ಯೂಟ್‌ನ ಗುಂಪು ಇನ್ನೊಂದು ತೋರಿಸಿತು, ಗೈಡ್‌ನ ಕೊನೇ 5 ಬೇಸ್‌ಗಳು ಕೆಲವು ನಿರ್ದಿಷ್ಟ ಸೀಕ್ವೆನ್ಸ್ ಆಗಿದ್ರೆ ಟಾರ್ಗೆಟ್ ಯಾವುದೇ ಇರಲಿ ಸೆಲ್ ನರಳುತ್ತೆ, ಡಿಕ್ಯಾಸ್9 ಮಟ್ಟ ಕಮ್ಮಿ ಮಾಡಿದ್ರೆ ಸರಿಹೋಗುತ್ತೆ. ಅದಕ್ಕೆ ಡಿಕ್ಯಾಸ್9ನ ಹೈ ಕಾಪಿ ಪ್ಲಾಸ್ಮಿಡ್‌ನಲ್ಲಿ ಇಡಬೇಡಿ, ಕ್ರೋಮೋಸೋಮ್‌ನಲ್ಲಿ ಒಂದೇ ಕಾಪಿ ಕೂರಿಸಿ. ಎಸ್‌ಆರ್‌ಎನ್‌ಎ ಒಟ್ಟು ಉದ್ದನೇ ಸುಮಾರು ನೂರು ಬೇಸ್, ಪ್ರೋಟೀನ್ ಮಾಡೋ ಖರ್ಚಿಲ್ಲ. ಆದ್ರೆ ಸೆಲ್‌ನ ಸ್ವಂತ ಸಣ್ಣ ಆರ್‌ಎನ್‌ಎಗಳೂ ಅದೇ ಎಚ್‌ಎಫ್‌ಕ್ಯು ನಂಬಿಕೊಂಡಿರೋದ್ರಿಂದ ಮೂರು ನಾಲ್ಕು ಎಸ್‌ಆರ್‌ಎನ್‌ಎ ಒಟ್ಟಿಗೆ ಜೋರಾಗಿ ಓಡಿಸಿದ್ರೆ ಕಿತ್ತಾಟ ಶುರುವಾಗುತ್ತೆ. ತುಂಬಾ ಜೀನ್ ಒಟ್ಟಿಗೆ ತಗ್ಗಿಸ್ಬೇಕು ಅಂದ್ರೆ ಡಿಕ್ಯಾಸ್9 ತರದ್ದೇ ಇನ್ನೊಂದು ಪ್ರೋಟೀನ್ ಡಿಕ್ಯಾಸ್12ಎ ನೋಡಿ, ಒಂದೇ ಉದ್ದ ಆರ್‌ಎನ್‌ಎ ಕೊಟ್ರೆ ಅದೇ ಕತ್ತರಿಸ್ಕೊಂಡು ಗೈಡ್‌ಗಳನ್ನ ಬೇರೆ ಮಾಡ್ಕೊಳ್ಳುತ್ತೆ. ಅದರ ಪ್ಯಾಮ್ (ಅದು ಕೂರೋ ಜಾಗದ ಪಕ್ಕ ಇರಲೇಬೇಕಾದ ಚಿಕ್ಕ ಸೀಕ್ವೆನ್ಸ್) ಬೇರೆ, ಟಿ ಜಾಸ್ತಿ ಇರಬೇಕು, ಜಿಸಿ ಜಾಸ್ತಿ ಇರೋ ಬ್ಯಾಕ್ಟೀರಿಯಾದಲ್ಲಿ ಜಾಗ ಸಿಗೋದು ಕಷ್ಟ.

ಅರ್ಧ ತಗ್ಗಿಸ್ಬೇಕು ಅಂದ್ರೆ ಕ್ರಿಸ್ಪರ್‌ಐನಲ್ಲಿ ಇಂಡ್ಯೂಸರ್ ಕಮ್ಮಿ ಹಾಕೋ ಬದಲು ಗೈಡ್‌ನಲ್ಲೇ ಒಂದೆರಡು ಬೇಸ್ ಬೇಕಂತಲೇ ತಪ್ಪಿಸಿ, ಎಲ್ಲ ಸೆಲ್‌ಗಳಲ್ಲೂ ಹೆಚ್ಚುಕಮ್ಮಿ ಒಂದೇ ಮಟ್ಟ ಸಿಗುತ್ತೆ. ಮತ್ತೆ ಎಷ್ಟು ತಗ್ಗಿಸಿದ್ರೆ ಫ್ಲಕ್ಸ್ (ಆ ದಾರಿಯಲ್ಲಿ ಹರಿಯೋ ಪ್ರಮಾಣ) ಬದಲಾಗುತ್ತೆ ಅನ್ನೋದು ಬೇರೆನೇ ಲೆಕ್ಕ. ಕಾಲುವೆ ತುಂಬಾ ಅಗಲ ಇದ್ದು ನೀರು ಕಮ್ಮಿ ಹರೀತಿದ್ರೆ ತೂಬು ಅರ್ಧ ಮುಚ್ಚಿದ್ರೂ ಕೆಳಗಿನ ಗದ್ದೆಗೆ ಗೊತ್ತೇ ಆಗಲ್ಲ, ಎಷ್ಟೋ ಎನ್‌ಜೈಮ್‌ಗಳು ಸೆಲ್‌ನಲ್ಲಿ ಹಾಗೇ ಬೇಕಾದ್ದಕ್ಕಿಂತ ಜಾಸ್ತಿ ಇರ್ತಾವೆ. ಕ್ಯೂಪಿಸಿಆರ್‌ನಲ್ಲಿ ಮೆಸೇಜ್ ಎಂಬತ್ತು ಪರ್ಸೆಂಟ್ ಇಳಿದಿದೆ ಅಂತ ಖುಷಿ ಪಡೋ ಮುಂಚೆ ಪ್ರಾಡಕ್ಟ್ ಅಳೀರಿ, ಪಕ್ಕದ ದಾರಿಗೆ ಹೋಗಿದ್ದನ್ನೂ ಅಳೀರಿ.

ಯಾವಾಗ ನಿಲ್ಲಬೇಕು

ಇದನ್ನ ಗೈಡ್ ಡಿಸೈನ್ ಮಾಡೋವಾಗ ಯಾರೂ ಯೋಚಿಸಲ್ಲ, ಫರ್ಮೆಂಟರ್‌ಗೆ ಹೋದ್ಮೇಲೆ ಗೊತ್ತಾಗುತ್ತೆ. ಕ್ರಿಸ್ಪರ್‌ಐ ಆಗಲಿ ಎಸ್‌ಆರ್‌ಎನ್‌ಎ ಆಗಲಿ ಹೊಸ ಪ್ರೋಟೀನ್ ಹುಟ್ಟೋದನ್ನ ಮಾತ್ರ ತಡೆಯೋದು, ಆಗ್ಲೇ ಇರೋ ಪ್ರೋಟೀನ್‌ನ ಮುಟ್ಟಲ್ಲ. ಇ. ಕೋಲಿಯ ಬಹುಪಾಲು ಎನ್‌ಜೈಮ್‌ಗಳು ಗಟ್ಟಿ, ಸುಲಭಕ್ಕೆ ಒಡೆಯಲ್ಲ, ಸೆಲ್ ಎರಡಾದಾಗ ಹಂಚಿಹೋಗಿ ಅರ್ಧ ಆಗ್ತಾವೆ ಅಷ್ಟೇ. ಐದು ಸಲ ಎರಡಾದ್ರೆ 32ರಲ್ಲಿ ಒಂದು ಪಾಲು ಉಳಿಯುತ್ತೆ. ಅಂದ್ರೆ ಸೆಲ್ ಬೆಳೆದು ನಿಂತ ಮೇಲೆ ಎಟಿಸಿ ಹಾಕಿ ಈಗ ಫ್ಯಾಬ್‌ಡಿ ನಿಲ್ಲಲಿ ಅಂದ್ರೆ ನಿಲ್ಲಲ್ಲ, ಹಂಚಿಹೋಗೋಕೆ ಸೆಲ್ ಎರಡಾಗ್ಲೇ ಇಲ್ವಲ್ಲ. ಇಂಡ್ಯೂಸರ್‌ನ ಮುಂಚೆನೇ ಹಾಕ್ಬೇಕು, ಇನ್ನೂ ಮೂರು ನಾಲ್ಕು ಡಬ್ಲಿಂಗ್ ಬಾಕಿ ಇರುವಾಗ.

ತಕ್ಷಣ ನಿಲ್ಲಲೇಬೇಕು ಅಂದ್ರೆ ಪ್ರೋಟೀನ್‌ನೇ ಒಡೆಯೋ ದಾರಿ ಬೇಕು. ಎನ್‌ಜೈಮ್‌ನ ತುದಿಗೆ ಎಸ್‌ಎಸ್‌ಆರ್‌ಎ ಬಾಲದ ಬಲ ಕಮ್ಮಿ ಮಾಡಿದ ರೂಪ ಅಂಟಿಸಿ, ಎಸ್‌ಎಸ್‌ಪಿಬಿ ಅನ್ನೋ ಸಹಾಯಕ ಪ್ರೋಟೀನ್‌ನ ನಮ್ಮ ಸ್ವಿಚ್ ಕೆಳಗೆ ಇಟ್ರೆ, ಅದು ಬಂದಾಗ ಕ್ಲಿಪ್‌ಎಕ್ಸ್‌ಪಿ ಪ್ರೋಟಿಯೇಸ್ ಆ ಎನ್‌ಜೈಮ್‌ನ ಅಗಿದು ಹಾಕುತ್ತೆ. ಎಂಐಟಿಯ ಕ್ರಿಸ್ಟಾಲಾ ಪ್ರಾಥರ್ ಅವರ ಲ್ಯಾಬ್ ಫಾಸ್ಫೋಫ್ರಕ್ಟೋಕೈನೇಸ್ ಮೇಲೆ ಹೀಗೆ ಮಾಡಿ ಮಯೋ-ಇನಾಸಿಟಾಲ್ ಇಳುವರಿ ಸುಮಾರು ಎರಡು ಪಟ್ಟು ಮಾಡಿದ್ರು. ಚುರುಕಾದ ಟೂಲ್, ಆದ್ರೆ ಬಾಲ ಅಂಟಿಸಿದ್ಮೇಲೂ ಎನ್‌ಜೈಮ್ ಸರಿಯಾಗಿ ಕೆಲಸ ಮಾಡುತ್ತಾ ಅಂತ ಪ್ರತಿ ಜೀನ್‌ಗೂ ನೋಡ್ಬೇಕು, ಕೆಲಸ ಜಾಸ್ತಿ.

ಇನ್ನು ಸೆಲ್ಲೇ ತೀರ್ಮಾನ ಮಾಡ್ಕೊಳ್ಳೋ ಸರ್ಕ್ಯೂಟ್‌ಗಳು. ಬ್ಯಾಸಿಲಸ್‌ನಲ್ಲಿ ಫ್ಯಾಪ್‌ಆರ್ ಅಂತ ಪ್ರೋಟೀನ್ ಇದೆ, ಮಲೋನೈಲ್-ಕೋಎ ಬಂದು ಅಂಟಿದ್ರೆ ಅದು ಡಿಎನ್‌ಎ ಬಿಟ್ಟುಬಿಡುತ್ತೆ. ಅದನ್ನ ಇ. ಕೋಲಿಗೆ ತಂದು 2014ರಲ್ಲಿ ಕೊಫಾಸ್ ಮತ್ತೆ ಸ್ಟೆಫನೋಪೊಲಸ್ ಅವರ ಗುಂಪುಗಳು, ಮಲೋನೈಲ್-ಕೋಎ ಕಮ್ಮಿ ಆದ್ರೆ ಅದನ್ನ ಮಾಡೋ ದಾರಿ ಆನ್, ಜಾಸ್ತಿ ಆದ್ರೆ ಅದನ್ನ ಖರ್ಚು ಮಾಡೋ ದಾರಿ ಆನ್ ಅನ್ನೋ ಹಾಗೆ ಕಟ್ಟಿದ್ರು. ಅದಕ್ಕೂ ಮುಂಚೆ 2012ರಲ್ಲಿ ಕೀಸ್ಲಿಂಗ್ ಲ್ಯಾಬ್‌ನವರು ಫ್ಯಾಟಿ ಆಸಿಡ್ ಮಟ್ಟ ಗುರುತಿಸೋ ಫ್ಯಾಡ್‌ಆರ್ ಸೆನ್ಸರ್ ಹಿಡಿದು ಬಯೋಡೀಸೆಲ್ ತಳಿಯಲ್ಲಿ ಲೀಟರ್‌ಗೆ 1.5 ಗ್ರಾಂ, ಅಂದ್ರೆ ಸಾಧ್ಯವಿರೋ ಗರಿಷ್ಠದಲ್ಲಿ 28 ಪರ್ಸೆಂಟ್ ತಲುಪಿದ್ರು. ನಿಮ್ಮ ಮೆಟಬೊಲೈಟ್‌ಗೆ ಸೆನ್ಸರ್ ಇಲ್ಲ ಅಂದ್ರೆ ಕೋರಂ ಸೆನ್ಸಿಂಗ್ ಇದೆ, ಸೆಲ್ ಸಂಖ್ಯೆ ಜಾಸ್ತಿ ಆದಾಗ ತಾನೇ ಸ್ವಿಚ್ ಬೀಳೋ ಹಾಗೆ. ಪ್ರಾಥರ್ ಲ್ಯಾಬ್‌ನವರೇ 2017ರಲ್ಲಿ ಇದನ್ನ ಬಳಸಿ ಶಿಕಿಮೇಟ್ ಅಳೆಯೋಕೂ ಸಿಗದೆ ಇದ್ದ ತಳಿಯಲ್ಲಿ ಲೀಟರ್‌ಗೆ 100 ಮಿಲಿಗ್ರಾಂ ದಾಟಿಸಿದ್ರು. ಇಂಡ್ಯೂಸರ್ ಖರ್ಚಿಲ್ಲ, ಟ್ಯಾಂಕ್ ಪಕ್ಕ ಕಾಯ್ತಾ ಕೂರೋದೂ ಬೇಡ. ಆದ್ರೆ ಈ ಸರ್ಕ್ಯೂಟ್‌ನ ಟ್ಯೂನ್ ಮಾಡೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ. ಯಾವ ಜೀನ್ ತಗ್ಗಿಸಿದ್ರೆ ಲಾಭ ಅಂತನೇ ಇನ್ನೂ ಗೊತ್ತಿಲ್ಲದೆ ಇದಕ್ಕೆ ಕೈ ಹಾಕಬೇಡಿ, ಎಂಎಸ್ಸಿ ಪ್ರಾಜೆಕ್ಟ್‌ಗಂತೂ ಬೇಡವೇ ಬೇಡ.

ತಪ್ಪಿಸ್ಕೊಳ್ಳೋ ಸೆಲ್‌ಗಳು

ಡಿಲೀಟ್ ಮಾಡಿದ ಜೀನ್ ವಾಪಸ್ ಬರಲ್ಲ ಅನ್ನೋದಕ್ಕೆ ಎಷ್ಟು ಬೆಲೆ ಅಂತ ಹೇಳ್ತೀನಿ ಅಂದಿದ್ನಲ್ಲ, ಈಗ ಆ ವಿಷಯ. ಫ್ಯಾಬ್‌ಡಿ ತಗ್ಗಿಸಿದ ಸೆಲ್ ನಿಧಾನಕ್ಕೆ ಬೆಳೆಯುತ್ತೆ. ಅದರಲ್ಲಿ ಯಾವುದೋ ಒಂದು ಸೆಲ್‌ನಲ್ಲಿ ಡಿಕ್ಯಾಸ್9 ಜೀನ್ ಕೆಟ್ರೆ ಅದು ಉಳಿದವನ್ನೆಲ್ಲ ಹಿಂದೆ ಹಾಕಿ ತುಂಬ್ಕೊಳ್ಳುತ್ತೆ. ಒಂದು ಸೆಲ್‌ನಿಂದ ಶುರುವಾಗಿ ಲಕ್ಷ ಲೀಟರ್ ಟ್ಯಾಂಕ್ ತುಂಬೋಕೆ ಸುಮಾರು 60 ತಲೆಮಾರು ಬೇಕು, ಮ್ಯುಟೇಷನ್‌ಗೆ ಬೇಕಾದಷ್ಟು ಅವಕಾಶ. ಡೆನ್ಮಾರ್ಕ್‌ನ ತಾಂತ್ರಿಕ ವಿಶ್ವವಿದ್ಯಾಲಯದವರು 2018ರಲ್ಲಿ ಮೆವಲೋನೇಟ್ ಮಾಡೋ ಇ. ಕೋಲಿಯನ್ನ ಹೀಗೇ ಬೆಳೆಸ್ತಾ ಸೀಕ್ವೆನ್ಸ್ ಮಾಡಿ ನೋಡಿದಾಗ, ಜಿಗಿಯೋ ಡಿಎನ್‌ಎ ತುಂಡುಗಳು ತಯಾರಿಕೆ ಜೀನ್‌ಗಳ ಒಳಗೇ ಹೋಗಿ ಕೂತು ಅವನ್ನ ಕೆಡಿಸಿದ್ವು. ಫ್ಲಾಸ್ಕ್‌ನಲ್ಲಿ ಒಂದು ರಾತ್ರಿ ಬೆಳೆಸಿದಾಗ ಇದು ಕಾಣ್ಸಲ್ಲ. ಅದಕ್ಕೇ ನನ್ನ ಸಲಹೆ, ಕ್ರಿಸ್ಪರ್‌ಐ, ಎಸ್‌ಆರ್‌ಎನ್‌ಎ ಇವನ್ನ ಹುಡುಕೋಕೆ ಬಳಸಿ, ಯಾವ ಜೀನ್, ಎಷ್ಟು, ಅಂತ ಗೊತ್ತಾದ್ಮೇಲೆ ಆ ಮಟ್ಟನ ಸಾಧ್ಯವಾದಷ್ಟು ಕ್ರೋಮೋಸೋಮ್‌ನಲ್ಲಿ ಆರ್‌ಬಿಎಸ್ ಬದಲಾಯಿಸಿ ಇಲ್ಲ ಡಿಲೀಟ್ ಮಾಡಿ ಗಟ್ಟಿ ಮಾಡಿ. ಬೆಳವಣಿಗೆ ಆಮೇಲೆ ಮಾತ್ರ ನಿಲ್ಲಬೇಕಾದ ಒಂದೋ ಎರಡೋ ಜೀನ್‌ಗೆ ಮಾತ್ರ ಸ್ವಿಚ್ ಉಳಿಸ್ಕೊಳ್ಳಿ.

ಈ ಯಾವ ಟೂಲೂ ಮಾಡದ ಕೆಲಸ ಒಂದಿದೆ. ನರಿಂಜೆನಿನ್‌ಗೆ ಟೈರೋಸಿನ್ ಬೇಕು ಅಂತ ಟೈರೋಸಿನ್ ಮಾಡೋ ಜೀನ್‌ಗಳನ್ನ ಅದುಮೋ ಟೈರ್‌ಆರ್ ರಿಪ್ರೆಸರ್ ತಗ್ಗಿಸಿದ್ರೆ ಮೆಸೇಜ್ ಏರುತ್ತೆ, ಎನ್‌ಜೈಮೂ ಏರುತ್ತೆ, ಆದ್ರೆ ಆ ದಾರಿಯ ಅರೋಎಫ್, ಟೈರ್‌ಎ ಎನ್‌ಜೈಮ್‌ಗಳಿಗೆ ಟೈರೋಸಿನ್ನೇ ಬಂದು ಅಂಟಿ ಅವನ್ನ ನಿಲ್ಲಿಸುತ್ತೆ. ಜೀನ್ ರೆಗ್ಯುಲೇಷನ್‌ನಿಂದ ಇದಕ್ಕೆ ಮದ್ದಿಲ್ಲ, ಆ ಅಂಟೋ ಜಾಗ ಮ್ಯುಟೇಷನ್ ಮಾಡಿದ ಫೀಡ್‌ಬ್ಯಾಕ್‌ಗೆ ಬಗ್ಗದ ರೂಪಗಳನ್ನೇ ಹಾಕ್ಬೇಕು. ಇದನ್ನ ಮೊದಲು ಸರಿಮಾಡಿ ಆಮೇಲೆ ಗೈಡ್ ಆರ್ಡರ್ ಮಾಡಿ.

ಕಂಟ್ರೋಲ್ ವಿಷಯಕ್ಕೆ ಜಿಪುಣತನ ಬೇಡ. ಡಿಕ್ಯಾಸ್9 ಮಾತ್ರ ಇರೋ ತಳಿ, ಯಾವ ಜೀನ್‌ಗೂ ಹೊಂದದ ಗೈಡ್ ಇರೋ ತಳಿ, ಇಂಡ್ಯೂಸರ್ ಮಾತ್ರ ಹಾಕಿದ ಮೂಲ ತಳಿ, ಮೂರೂ ಬೇಕು. ಬೆಳವಣಿಗೆ ಕುಗ್ಗಿದ್ರೆ ಒಂದೊಂದು ಸೆಲ್‌ಗೆ ಬರೋ ಪ್ರಾಡಕ್ಟ್ ಏರಿದ ಹಾಗೆ ಕಾಣುತ್ತೆ, ಲೀಟರ್ ಲೆಕ್ಕದಲ್ಲಿ ನೋಡಿದ್ರೆ ಏನೂ ಇರಲ್ಲ, ಎರಡೂ ಲೆಕ್ಕ ಕೊಡಿ. ನಮ್ಮ ದೇಶದಲ್ಲಿ ಇಂಥ ತಳಿ ಕಟ್ಟೋ ಕೆಲಸ ಜೀನ್ ತಿದ್ದಿದ ಜೀವಿಗಳ ಬಗೆಗಿನ 1989ರ ನಿಯಮಗಳ ಕೆಳಗೆ ಬರುತ್ತೆ, ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಗೆ ಶುರುವಿನಲ್ಲೇ ತಿಳಿಸಿ.

ಇ. ಕೋಲಿ ಬಿಟ್ಟು ಬೇರೆ ಬ್ಯಾಕ್ಟೀರಿಯಾ ಆದ್ರೆ ಲೆಕ್ಕ ಬದಲಾಗುತ್ತೆ. ಲೈಸಿನ್, ಗ್ಲುಟಮೇಟ್ ಮಾಡಿಸೋ ಕೊರಿನೆಬ್ಯಾಕ್ಟೀರಿಯಂನಲ್ಲಿ ಎಚ್‌ಎಫ್‌ಕ್ಯುನೇ ಇಲ್ಲ, ಮಿಕ್‌ಸಿ ಬಾಲದ ಎಸ್‌ಆರ್‌ಎನ್‌ಎನ ಹಾಗೇ ತಗೊಂಡು ಹೋಗಿ ಹಾಕಿದ್ರೆ ನಡೆಯಲ್ಲ, ಎಚ್‌ಎಫ್‌ಕ್ಯುನೂ ಜೊತೆಗೆ ಕೊಡಬೇಕು. ಅಲ್ಲಿ ಕ್ರಿಸ್ಪರ್‌ಐನೇ ಸರಿ, 2016ರಲ್ಲೇ ಸಕ್ಕರೆ ಒಡೆಯೋ ದಾರಿಯ ಪಿಜಿಐ ಜೀನ್ ಹೀಗೆ ತಗ್ಗಿಸಿ ಲೈಸಿನ್‌ನಲ್ಲಿ ಡಿಲೀಷನ್‌ಗೆ ಹೋಲೋ ಏರಿಕೆ ತೋರಿಸಿದ್ದಾರೆ, ಅದೂ ಡಿಲೀಷನ್ ಕಟ್ಟೋಕೆ ಹಿಡಿಯೋದಕ್ಕಿಂತ ತುಂಬಾ ಕಮ್ಮಿ ಸಮಯದಲ್ಲಿ. ಬ್ಯಾಸಿಲಸ್ ಸಬ್‌ಟಿಲಿಸ್‌ನಲ್ಲೂ ಅಷ್ಟೇ, ಬದುಕೋಕೆ ಬೇಕೇ ಬೇಕಾದ ಜೀನ್‌ಗಳಿಗೆಲ್ಲ 2016ರಲ್ಲಿ ಕ್ರಿಸ್ಪರ್‌ಐ ತಳಿಗಳ ಲೈಬ್ರರಿ ಮಾಡಿದ್ದಾರೆ, ಡಿಕ್ಯಾಸ್9 ಕ್ರೋಮೋಸೋಮ್‌ನಲ್ಲಿ, ಸ್ವಿಚ್ ಆಗಿ ಕ್ಸೈಲೋಸ್. ಆ ಬ್ಯಾಕ್ಟೀರಿಯಾದಲ್ಲಿ ಶುರು ಮಾಡೋರು ಆ ಡಿಸೈನ್ ಹಿಡ್ಕೊಂಡೇ ಹೊರಡಿ.